ಯುದ್ಧದ ಗಾಯಕ್ಕೆ ಕುದುರೆ ಚಿಕಿತ್ಸೆ: ಸರ್ಕಾರದ ದುಡ್ಡು ಹಾಕಬೇಕೇ?

ಅಮೆರಿಕದ ಮಾಜಿ ಸೈನಿಕರ ಇಲಾಖೆ (ವಿಎ) ಕ್ರೀಡಾ ಅನುದಾನದ ಒಂದು ಪಾಲನ್ನು, 15 ಲಕ್ಷ ಡಾಲರ್‌ವರೆಗೆ, ಮಾಜಿ ಸೈನಿಕರ ಮಾನಸಿಕ ಆರೋಗ್ಯಕ್ಕಾಗಿ ಕುದುರೆಗಳ ನೆರವಿನಿಂದ ನಡೆಯುವ ಚಿಕಿತ್ಸೆಗೆ ಮೀಸಲಿಡುತ್ತ ಬಂದಿದೆ. ಇದು ಸರಿಯೇ?

ಪರ: ಅರ್ಧಕ್ಕೆ ಎದ್ದುಹೋಗದ ಚಿಕಿತ್ಸೆ

ಪಿಟಿಎಸ್‌ಡಿಗೆ (ಯುದ್ಧದಂಥ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಒಳ್ಳೆಯ ಚಿಕಿತ್ಸೆ ಇದೆಯಲ್ಲ, ಕುದುರೆ ಯಾಕೆ ಎನ್ನುವವರು ಮೊದಲು ಒಂದು ಲೆಕ್ಕ ನೋಡಲಿ. 916 ಮಾಜಿ ಸೈನಿಕರನ್ನು ಸೇರಿಸಿಕೊಂಡು ವಿಎ ನಡೆಸಿದ ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ನಡೆದದ್ದನ್ನು ಮತ್ತೆ ಮತ್ತೆ ಬಾಯಿಬಿಟ್ಟು ಹೇಳಿಸುವ ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್’ ಚಿಕಿತ್ಸೆಯನ್ನು ಅದರಲ್ಲಿ ಶೇ 55.8ರಷ್ಟು ಮಂದಿ ಅರ್ಧಕ್ಕೇ ಬಿಟ್ಟರು. ಯೋಚನೆಯ ಧಾಟಿ ತಿದ್ದುವ ‘ಸಿಪಿಟಿ’ಯನ್ನು ಬಿಟ್ಟವರು ಶೇ 46.6. ಚಿಕಿತ್ಸೆ ಎಷ್ಟು ಒಳ್ಳೆಯದಾದರೇನು, ರೋಗಿ ಬಾರದೇ ಹೋದರೆ?

ಈಗ ಕೊಲಂಬಿಯಾ ವಿಶ್ವವಿದ್ಯಾಲಯದ ‘ಮ್ಯಾನ್ ಓ ವಾರ್’ ಯೋಜನೆ ನೋಡಿ. ವಾರಕ್ಕೊಂದರಂತೆ 8 ತರಗತಿ, ಒಂದೊಂದೂ 90 ನಿಮಿಷ. 63 ಮಾಜಿ ಸೈನಿಕರಲ್ಲಿ ನಡುವೆ ಬಿಟ್ಟವರು 5 ಮಂದಿ. ವೈದ್ಯರೇ ಅಳೆದ ಲಕ್ಷಣಗಳ ಅಂಕ ಸರಾಸರಿ 38.6ರಿಂದ 26.9ಕ್ಕೆ ಇಳಿಯಿತು. ಅರ್ಧದಷ್ಟು ಜನರಲ್ಲಿ ಅಂಕ ಶೇ 30 ಅಥವಾ ಅದಕ್ಕಿಂತ ಹೆಚ್ಚು ತಗ್ಗಿತು, ಮೂರು ತಿಂಗಳಾದ ಮೇಲೂ ಆ ಇಳಿಕೆ ಉಳಿದಿತ್ತು.

ಲಾಯದಲ್ಲಿ ಏನು ನಡೆಯುತ್ತದೆ ಎಂದು ತಿಳಿಯದವರು ಇದನ್ನು ಸವಾರಿಯ ಮೋಜು ಅಂದುಕೊಳ್ಳುತ್ತಾರೆ. ಈ ಪದ್ಧತಿಯಲ್ಲಿ ಸವಾರಿಯೇ ಇಲ್ಲ, ಎಲ್ಲ ಕೆಲಸವೂ ನೆಲದ ಮೇಲೆ ನಿಂತೇ. ಕುದುರೆಯ ಹತ್ತಿರ ಭುಜದ ಕಡೆಯಿಂದ, ಅದಕ್ಕೆ ಕಾಣುವಂತೆ ಬರಬೇಕು. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಅದಕ್ಕೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕಾಣದು. ಚೂರು ಸದ್ದಾದರೂ ಕಿವಿ ಅತ್ತ ತಿರುಗುತ್ತದೆ. ಇರಾಕಿನ ರಸ್ತೆಗಳಲ್ಲಿ ಪ್ರತಿ ಕಸದ ಗುಡ್ಡೆಯನ್ನೂ ಬಾಂಬೇ ಎಂದು ನೋಡುತ್ತ ಬಂದವರಿಗೆ ಈ ಎಚ್ಚರವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಅಪಾಯವಿಲ್ಲ ಎಂದು ಗೊತ್ತಾದ ಕೂಡಲೇ ಕುದುರೆ ತಲೆ ತಗ್ಗಿಸಿ ಮೇಯತೊಡಗುತ್ತದೆ. ಅವರಿಗೆ ಸಾಧ್ಯವಾಗದೇ ಇರುವುದು ಇದೇ.

ಹಗ್ಗ ಹಿಡಿದು ನಡೆಸುವ ಪಾಠವನ್ನೇ ತೆಗೆದುಕೊಳ್ಳಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಕುದುರೆ ಬೆದರಿ ಜಿಗಿದರೆ ಬೆರಳು ಹೋಗುತ್ತದೆ. ಉಳಿದ ಹಗ್ಗವನ್ನು ಎಡಗೈಯಲ್ಲಿ ಮಡಚಿ ಹಿಡಿದಿರಬೇಕು. ಎದುರು ನಿಂತು ಎಳೆದರೆ ಅರ್ಧ ಟನ್ ತೂಕದ ಪ್ರಾಣಿ ಕಾಲೂರಿ ನಿಲ್ಲುತ್ತದೆ, ಇನ್ನೂ ಎಳೆದರೆ ಕುತ್ತಿಗೆ ಇನ್ನೂ ಬಿಗಿಯಾಗುತ್ತದೆ. ಭುಜದ ಪಕ್ಕ ನಿಂತು, ಹೋಗಬೇಕಾದ ಕಡೆ ಕಣ್ಣಿಟ್ಟು ಹೆಜ್ಜೆ ಹಾಕಬೇಕು. ಅದು ಒಂದು ಹೆಜ್ಜೆ ಬಂದೊಡನೆ ಹಗ್ಗ ಸಡಿಲಿಸಬೇಕು. ಕುದುರೆ ಕಲಿಯುವುದೇ ಆ ಸಡಿಲಿಕೆಯಿಂದ. ಗದರಿ, ಎಳೆದು, ಬೆವರಿ ಸೋತ ಮಾಜಿ ಸಾರ್ಜೆಂಟ್‌ಗೆ ಥೆರಪಿಸ್ಟ್ ಆಗ ಕೇಳುವುದು ಇಷ್ಟು: ‘ಮನೆಯಲ್ಲಿ ಮಗ ಮಾತು ಕೇಳದಿದ್ದಾಗ ಏನು ಮಾಡುತ್ತೀರಿ?’ ಆಸ್ಪತ್ರೆಯ ಕೋಣೆಯಲ್ಲಿ ವಾರಗಟ್ಟಲೆ ಹಿಡಿಯಬಹುದಾದ ಮಾತು ಇಲ್ಲಿ ಮೊದಲ ದಿನಗಳಲ್ಲೇ ಹೊರಬರಬಹುದು.

‘ಮ್ಯಾನ್ ಓ ವಾರ್’ನಲ್ಲಿ ಹೋಲಿಕೆಯ ಗುಂಪು, ಅಂದರೆ ಕುದುರೆಯಿಲ್ಲದೆ ಪಕ್ಕದಲ್ಲಿಟ್ಟು ನೋಡುವ ಇನ್ನೊಂದು ಗುಂಪು, ಇರಲಿಲ್ಲ ಎಂದು ಪಂಡಿತರು ತಲೆ ಆಡಿಸುತ್ತಾರೆ. ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ‘ಹೋಲಿಕೆಯ ಗುಂಪು ಸಿಕ್ಕ ಮೇಲೆ ಬನ್ನಿ’ ಎಂದು ಹೇಳಿ ಕಳಿಸೋಣವೇ? ಅವರು ಬರುತ್ತಿದ್ದಾರೆ, ಮುಂದಿನ ವಾರವೂ ಬರುತ್ತಿದ್ದಾರೆ. ಹಣ ಹಾಕಲು ನನಗೆ ಇಷ್ಟು ಸಾಕು.

ವಿರೋಧ: ಹಿತ ಬೇರೆ, ಚಿಕಿತ್ಸೆ ಬೇರೆ

ಕುದುರೆಯ ಸಂಗ ಹಿತ ಕೊಡುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಚಿಕಿತ್ಸೆಯ ಹೆಸರಿನಲ್ಲಿ ಸರ್ಕಾರದ ಹಣ ಪಡೆಯಲು ಅದಕ್ಕಿಂತ ಹೆಚ್ಚಿನದು ಬೇಕು ಎಂಬುದಷ್ಟೇ ಈ ಪಕ್ಷದ ವಾದ.

ವಿಎ ಮತ್ತು ರಕ್ಷಣಾ ಇಲಾಖೆ ಸೇರಿ 2023ರಲ್ಲಿ ಹೊರತಂದ ಪಿಟಿಎಸ್‌ಡಿ ಮಾರ್ಗಸೂಚಿ, ಪ್ರಾಣಿಗಳ ನೆರವಿನ ಚಿಕಿತ್ಸೆಯ ಪರವಾಗಲೀ ವಿರುದ್ಧವಾಗಲೀ ಹೇಳಲು ಆಧಾರ ಸಾಲದು ಎಂದಿದೆ. 14 ಅಧ್ಯಯನಗಳನ್ನು ಪರಿಶೀಲಿಸಿದ 2014ರ ವಿಮರ್ಶೆಯೂ ಸುಮಾರು ಇದನ್ನೇ ಹೇಳಿತ್ತು. ಚೀಟಿ ಎತ್ತಿ ಗುಂಪು ಮಾಡಿದ ಮಿಸೌರಿಯ ಸವಾರಿ ಅಧ್ಯಯನ ಒಳ್ಳೆಯ ಪ್ರಯತ್ನ, ಆದರೆ ಅದರಲ್ಲಿದ್ದವರು 29 ಮಂದಿ. ‘ಮ್ಯಾನ್ ಓ ವಾರ್’ನಲ್ಲಿ ಎಂಟು ವಾರ ಹೊರಗಾಳಿ, ಸಹ ಸೈನಿಕರ ಜೊತೆ, ಕಿವಿಗೊಡುವ ಥೆರಪಿಸ್ಟ್ ಮೂರೂ ಸಿಕ್ಕಾಗ ಗುಣ ಬಂದದ್ದು ಯಾವುದರಿಂದ? ಅದೇ ಲಾಯದಲ್ಲಿ, ಅದೇ ತಂಡದೊಂದಿಗೆ, ಒಂದು ಗುಂಪಿಗೆ ಕುದುರೆ ಕೊಟ್ಟು ಇನ್ನೊಂದಕ್ಕೆ ಬೇಲಿ ಕಟ್ಟುವ ಕೆಲಸ ಕೊಟ್ಟು ನೋಡಬೇಕು. ಹಣ ಮೊದಲು ಇದಕ್ಕೆ ಹೋಗಲಿ.

ಕುದುರೆಯ ಮೈಮಾತನ್ನು ಓದುವುದರಲ್ಲೂ ಅವಸರವಿದೆ. ಅದು ತುಟಿ ನೆಕ್ಕಿ ದವಡೆ ಆಡಿಸಿದರೆ ‘ನಿಮ್ಮನ್ನು ಒಪ್ಪಿಕೊಂಡಿತು’ ಎಂದು ಹೇಳುವ ತರಬೇತುದಾರರಿದ್ದಾರೆ. ಅದು ಸ್ವಲ್ಪ ಮುಂಚೆ ಆತಂಕದಲ್ಲಿತ್ತು ಎಂಬುದರ ಗುರುತೂ ಆಗಿರಬಹುದು. ಕಿವಿ ಹಿಂದಕ್ಕೆ ಒತ್ತಿ, ಬಾಲ ಬೀಸುತ್ತಿರುವ ಕುದುರೆಯನ್ನು ತರಗತಿ ಮುಗಿಯಲಿ ಎಂದು ನಿಲ್ಲಿಸಿಕೊಂಡರೆ ಒದೆ ತಿನ್ನುವವರು ಮಾಜಿ ಸೈನಿಕರೇ. ಹಾಗಾಗಿ ಮನೋಚಿಕಿತ್ಸಕರ ಜೊತೆ ಕುದುರೆ ಬಲ್ಲವರೊಬ್ಬರು ಕಡ್ಡಾಯವಾಗಿ ಇರಬೇಕು. ಕುದುರೆಗಳ ನೆರವಿನ ಮನೋಚಿಕಿತ್ಸೆಯ ಸಂಸ್ಥೆಯಾದ ‘ಈಗಾಲಾ’ದ ಪದ್ಧತಿಯಲ್ಲಿ ಈ ನಿಯಮವಿದೆ. ಎಲ್ಲ ಕಡೆ ಇಲ್ಲ.

ಇನ್ನು ಖರ್ಚು. 500 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಒಣಹುಲ್ಲು ಬೇಕು. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಹೊಟ್ಟೆನೋವು ಬಂದರೆ ರಾತ್ರೋರಾತ್ರಿ ಪಶುವೈದ್ಯರು ಬರಬೇಕು. ಅನುದಾನ ಸಿಗುವುದು ವರ್ಷದ ಲೆಕ್ಕದಲ್ಲಿ, ಕುದುರೆ ಬದುಕುವುದು 25–30 ವರ್ಷ. ಕೆಲಸಕ್ಕೆ ಬಾರದಷ್ಟು ವಯಸ್ಸಾದ ಕುದುರೆಯ ಹುಲ್ಲಿನ ಲೆಕ್ಕವನ್ನು ಅರ್ಜಿಯಲ್ಲೇ ಬರೆಯಿಸಬೇಕು. ಬರೆಯದವರಿಗೆ ಹಣ ಕೊಡಬಾರದು.