8 ಮೊಳದ ಬೆಡ್‌ಶೀಟ್

ನಮ್ಮ ಬೀದಿ ಮೂಲೆಯ ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇದೆ. ಗಾಡಿಯವನಿಗೂ ನನಗೂ 16 ವರ್ಷದ ಸ್ನೇಹ. ಶರ್ಟಿಗೆ 10 ರೂಪಾಯಿ, ಪಂಚೆಗೆ 20. ಕರೆಂಟಿನ ಪೆಟ್ಟಿಗೆ ಬಟ್ಟೆಯನ್ನು ಸುಮ್ನೆ ಬಿಸಿ ಮಾಡುತ್ತದೆ, ಇದ್ದಿಲಿನ ಪೆಟ್ಟಿಗೆ ಅದಕ್ಕೆ ಬುದ್ಧಿ ಕಲಿಸುತ್ತದೆ ಎನ್ನುವುದು ಅವನ ಸಿದ್ಧಾಂತ. ನನ್ನದೂ ಅದೇ.

ಹೋದ ವರ್ಷ ಮಗಳು ನನಗೂ ಹೆಂಡತಿಗೂ ಸಿಂಗಪುರದಿಂದ ಹೊರಡುವ ಕ್ರೂಸ್ ಹಡಗಿಗೆ ಟಿಕೆಟ್ ಮಾಡಿಸಿದಳು. 4 ರಾತ್ರಿ, ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್. ಹೆಂಡತಿಗೆ ಹಡಗಿನಲ್ಲಿ ತಲೆ ಸುತ್ತುತ್ತದೋ ಏನೋ ಎಂಬ ಚಿಂತೆ. ನನಗೆ ಇಸ್ತ್ರಿಯದ್ದು. ಯಾಕೆಂದರೆ ಎರಡನೇ ರಾತ್ರಿ 'ಫಾರ್ಮಲ್ ನೈಟ್' ಅಂತೆ. ಕೋಟು ಬೇಡದವರು ಅವರವರ ದೇಶದ ಉಡುಪು ಹಾಕಿಕೊಂಡು ಬರಬಹುದು ಎಂದು ಬರೆದಿತ್ತು. ಓದಿದ ತಕ್ಷಣ ತೀರ್ಮಾನಿಸಿದೆ: ಪಂಚೆ, ಬಿಳಿ ಶರ್ಟು, ಶಲ್ಯ. ಮಗಳ ಮದುವೆಗೆ ತಂದ 8 ಮೊಳದ ಪಂಚೆ ಇತ್ತು. ಅಚ್ಚ ಬಿಳಿ, ಅಂಚಿಗೆ ಬೆರಳಗಲ ಹಸಿರು ಗೆರೆ. ಗಂಜಿ ಹಾಕಿಸಿ ಗಾಡಿಗೆ ಕೊಟ್ಟೆ.

ಅವನು ಅದನ್ನು ಹಪ್ಪಳದ ಹಾಗೆ ಮಾಡಿ, ನ್ಯೂಸ್‌ಪೇಪರಿನಲ್ಲಿಟ್ಟು ಕೊಡುತ್ತಾ, "ಸೂಟ್‌ಕೇಸಲ್ಲಿ ಮಡಚಿ ತುರುಕಬೇಡಿ ಸಾರ್, ಸುರುಳಿ ಸುತ್ತಿ ಇಡಿ" ಅಂದ. ಮನೆಗೆ ಬಂದರೆ ಹೆಂಡತಿಯೂ ಅದನ್ನೇ ಹೇಳಿದಳು. ಇಬ್ಬರು ಒಂದೇ ಮಾತು ಹೇಳಿದರೆ ನನಗೆ ಯಾವಾಗಲೂ ಅನುಮಾನ. ಮಡಚಿಯೇ ಇಟ್ಟೆ. ಧೈರ್ಯಕ್ಕಿರಲಿ ಎಂದು ಒಂದು ಪುಟಾಣಿ ಇಸ್ತ್ರಿ ಪೆಟ್ಟಿಗೆಯನ್ನೂ ಬನಿಯನ್‌ಗಳ ಮಧ್ಯೆ ಹುದುಗಿಸಿದೆ.

ಸಿಂಗಪುರದ ಟರ್ಮಿನಲ್‌ನಲ್ಲಿ ಸಾಮಾನುಗಳನ್ನೆಲ್ಲ ಎಕ್ಸ್‌ರೇಗೆ ಹಾಕುತ್ತಿದ್ದರು. ನನ್ನ ಸೂಟ್‌ಕೇಸ್ ಹೋಗುತ್ತಿದ್ದ ಹಾಗೆ ಬೆಲ್ಟ್ ನಿಂತಿತು. ಪರದೆಯ ಮೇಲೆ ನನ್ನ ಇಸ್ತ್ರಿ ಪೆಟ್ಟಿಗೆ ಥೇಟ್ ಒಂದು ಪುಟ್ಟ ಹಡಗಿನ ಹಾಗೆ, ಬನಿಯನ್‌ಗಳ ಅಲೆ ಮೇಲೆ ತೇಲುತ್ತಿತ್ತು. ಹಿಂದೆ ನಿಂತವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಅಧಿಕಾರಿ ಹುಡುಗಿ ನಗುತ್ತಲೇ ಅದನ್ನು ಎತ್ತಿಕೊಂಡು, ಒಂದು ಚೀಟಿ ಕಟ್ಟಿ, ಇಳಿಯುವಾಗ ತಗೊಳ್ಳಿ ಎಂದಳು. ಪಕ್ಕದ ಬುಟ್ಟಿಯಲ್ಲಿ ಆಗಲೇ ಎಂಟ್ಹತ್ತು ಪೆಟ್ಟಿಗೆಗಳಿದ್ದವು. ನನ್ನಂಥವರು ಎಲ್ಲ ದೇಶದಲ್ಲೂ ಇದ್ದಾರೆ ಎಂದು ಒಂದು ಕ್ಷಣ ಸಮಾಧಾನವಾಯಿತು.

ಕಾರಣ ಗೊತ್ತಾಗಿದ್ದು ಹಡಗಿನ ಸುರಕ್ಷತಾ ಡ್ರಿಲ್‌ನಲ್ಲಿ. ಹೊರಡುವ ಮೊದಲು ಎಲ್ಲರೂ ಕಡ್ಡಾಯವಾಗಿ ಹಾಜರಾಗಬೇಕು. ಸೈರನ್ ಏಳು ಸಲ ಗಿಡ್ಡಕ್ಕೆ, ಆಮೇಲೊಂದು ಸಲ ಉದ್ದಕ್ಕೆ ಕೂಗಿದರೆ ಗಂಡಾಂತರ ಎಂದರ್ಥ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹಲವು ದೇಶಗಳು ಕೂತು ಮಾಡಿಕೊಂಡ ಸುರಕ್ಷತೆಯ ಒಪ್ಪಂದವೇ ಬೆಳೆಯುತ್ತಾ ಬಂದು ಇವತ್ತಿಗೂ ಹಡಗುಗಳನ್ನು ಆಳುತ್ತಿದೆ. ಸುತ್ತ ಅಷ್ಟೊಂದು ನೀರಿದ್ದರೂ ಹಡಗಿನವರಿಗೆ ಜಾಸ್ತಿ ಭಯ ಇರುವುದು ಬೆಂಕಿಯದ್ದೇ. ನಡುಸಮುದ್ರದಲ್ಲಿ 101ಕ್ಕೆ ಫೋನ್ ಮಾಡಲು ಆಗಲ್ಲ, ಅಲ್ವಾ? ಯಾರೋ ಮಹಾನುಭಾವ ಇಸ್ತ್ರಿ ಪೆಟ್ಟಿಗೆ ಆಫ್ ಮಾಡದೆ ಊಟಕ್ಕೆ ಹೋದರೆ ಕಥೆ ಮುಗಿಯಿತು. "ನೀವೇ ಆ ಮಹಾನುಭಾವ" ಎನ್ನುವ ಹಾಗೆ ಹೆಂಡತಿ ನನ್ನ ಕಡೆ ನೋಡಿದಳು. 2019ರ ಗೌರಿ ಹಬ್ಬದ ವಿಷಯ ಅದು. ಈಗ ಬೇಡ.

ರೂಮಿಗೆ ಬಂದು ಸೂಟ್‌ಕೇಸ್ ತೆಗೆದೆ. ಹಪ್ಪಳ ಪುಡಿಯಾಗಿತ್ತು. ಗಂಜಿ ಹಾಕಿದ ಪಂಚೆ ಮಡಿಕೆ ಮಡಿಕೆಗೂ ಮುರಿದುಕೊಂಡು, ಉಳಿದದ್ದು ಮುದ್ದೆ. ಶರ್ಟಿನ ಕಾಲರ್ ಒಂದು ಕಿವಿ ಮಡಚಿದ ನಾಯಿಮರಿಯ ಹಾಗಿತ್ತು. ಕೆಮಿಸ್ಟ್ರಿ ಓದಿದ ಮಗಳಿಗೆ ಫೋಟೋ ಕಳಿಸಿದೆ. "ಅಪ್ಪಾ, ಹತ್ತಿ ನೂಲಿನ ಒಳಗೆ ಹೈಡ್ರೋಜನ್ ಬಂಧ ಅಂತ ಇರುತ್ತೆ. ತೇವ ತಾಗಿದ್ರೆ ಸಡಿಲ ಆಗುತ್ತೆ, ಒಣಗುವಾಗ ಬಟ್ಟೆ ಹೇಗಿರುತ್ತೋ ಹಾಗೇ ಮತ್ತೆ ಗಟ್ಟಿಯಾಗುತ್ತೆ. ನೀರು ಚಿಮುಕಿಸಿ, ಎಳೆದು ಒಣಗಿಸಿ" ಎಂದು ಉತ್ತರ ಬಂತು. ಗಾಡಿಯವನು ಇಷ್ಟು ವರ್ಷ ಬಾಯಲ್ಲಿ ನೀರು ತುಂಬಿಕೊಂಡು ಫುರ್ ಎಂದು ಊದುತ್ತಿದ್ದದ್ದು ಕೆಮಿಸ್ಟ್ರಿ ಎಂದು ಅವತ್ತೇ ನನಗೆ ಗೊತ್ತಾಗಿದ್ದು.

ಹಡಗಿನವರೂ ಇಸ್ತ್ರಿ ಮಾಡಿಕೊಡುತ್ತಾರೆ. ಶರ್ಟಿಗೆ 4 ಡಾಲರ್. ಆ ದುಡ್ಡಿಗೆ ಹೊಂಗೆ ಮರದ ಕೆಳಗೆ 25ಕ್ಕೂ ಹೆಚ್ಚು ಶರ್ಟ್ ಆಗುತ್ತದೆ. ಪಟ್ಟಿಯಲ್ಲಿ ಪಂಚೆ ಇರಲೇ ಇಲ್ಲ.

ಶರ್ಟನ್ನು ಬಚ್ಚಲಲ್ಲಿ ನೇತುಹಾಕಿ ಬಿಸಿನೀರು ಬಿಟ್ಟೆ. ಹಬೆಗೆ ಸುಕ್ಕು ಬಿಡುತ್ತದಂತೆ. ಬಿಡುತ್ತದೆ, ಆದರೆ ಬಚ್ಚಲು ದೊಡ್ಡದಿರಬೇಕು. ಅಲ್ಲಿ ಮೊಣಕೈ ಎತ್ತಿ ತಲೆಗೆ ಸೋಪು ಹಚ್ಚಲೂ ಜಾಗವಿಲ್ಲ. ಹಡಗು ಒಂದು ಸಲ ಹೊರಳಿದ್ದೇ ಶರ್ಟು ಹೋಗಿ ಷವರಿನ ಕೆಳಗೆ ನಿಂತಿತು. ನನಗಿಂತ ಚೆನ್ನಾಗಿ ಸ್ನಾನ ಮಾಡಿತು.

ಪಂಚೆಗೆ ಮಾತ್ರ ತಿಪಟೂರಿನ ವಿದ್ಯೆಯೇ ಆಗಬೇಕು ಅಂದುಕೊಂಡೆ. ನಾನು ಹುಡುಗನಾಗಿದ್ದಾಗ ಅಪ್ಪ ಹಿತ್ತಾಳೆ ಚೊಂಬಿಗೆ ತೆಂಗಿನ ಕರಟದ ಕೆಂಡ ತುಂಬಿ, ಕಂಠಕ್ಕೆ ಒದ್ದೆ ಬಟ್ಟೆ ಸುತ್ತಿ ಹಿಡಿದು ಅಂಗಿ ತೀಡುತ್ತಿದ್ದರು. ಚೊಂಬಿನ ತಳ ದುಂಡಗಿದ್ದುದರಿಂದ ಜೇಬಿನ ಹತ್ತಿರ ಯಾವಾಗಲೂ ಒಂದು ಚಂದ್ರ ಮೂಡುತ್ತಿದ್ದ. ಕೆಂಡ ಇಲ್ಲದ ದಿನ ಹಾಸಿಗೆ ಇಸ್ತ್ರಿ. ಸ್ಕೂಲಿನ ಚಡ್ಡಿಗೆ ನೀರು ಚಿಮುಕಿಸಿ ಹಾಸಿಗೆ ಕೆಳಗಿಟ್ಟು ಮಲಗುವುದು. ದಪ್ಪಗಿದ್ದ ಅಣ್ಣನ ಕೆಳಗೆ ಇಡಲು ನಾವು ಮೂವರು ಜಗಳವಾಡುತ್ತಿದ್ದೆವು. ಅವನ ಇಸ್ತ್ರಿಗೆ ಗೆರೆ ಖಡಕ್ಕಾಗಿ ಕೂರುತ್ತಿತ್ತು.

ಅದೇ ಪ್ರಕಾರ ಪಂಚೆಗೆ ನೀರು ಚಿಮುಕಿಸಿ, ಎಳೆದು, ಹಾಸಿಗೆ ಎತ್ತಿ ಕೆಳಗೆ ಹಾಸಿದೆ. ರಾತ್ರಿಯಿಡೀ ಮಗ್ಗುಲು ಬದಲಿಸದೆ ಅನಂತಶಯನನ ಹಾಗೆ ಮಲಗಿದ್ದೆ. ಬೆಳಿಗ್ಗೆ ಹಾಸಿಗೆಯ ತುದಿ ಎತ್ತಿ ನೋಡಿದರೆ ಮುಕ್ಕಾಲು ಪಾಲು ಗರಿಗರಿ! ಇನ್ನೊಂದು ಗಳಿಗೆ ಇರಲಿ ಎಂದು ಅಲ್ಲೇ ಬಿಟ್ಟು ತಿಂಡಿಗೆ ಹೋದೆವು.

ವಾಪಸ್ ಬಂದಾಗ ರೂಮು ಥಳಥಳ. ಹೊಸ ಬೆಡ್‌ಶೀಟ್. ಅದರ ಮೇಲೆ ಟವೆಲಿನಲ್ಲಿ ಮಾಡಿದ ಒಂದು ಆನೆ, ಅದಕ್ಕೆ ನನ್ನ ಕನ್ನಡಕ. ಹೆಂಡತಿ "ಅಯ್ಯೋ ಮುದ್ದಾಗಿದೆ" ಎಂದು ಫೋಟೋ ತೆಗೆಯುತ್ತಿದ್ದಳು. ನಾನು ಹಾಸಿಗೆ ಎತ್ತಿದೆ. ಪಂಚೆ ಇಲ್ಲ.

ರೂಮು ನೋಡಿಕೊಳ್ಳುವ ಫಿಲಿಪೀನ್ಸ್ ಹುಡುಗನನ್ನು ಕಾರಿಡಾರಿನಲ್ಲಿ ಹಿಡಿದೆ. ಬೆಡ್‌ಶೀಟ್ ಎಲ್ಲ ಲಾಂಡ್ರಿಗೆ ಹೋಯಿತು, ಕೆಳಗೊಂದು ಒದ್ದೆ ಶೀಟ್ ಸಿಕ್ಕಿತು, ಅದನ್ನೂ ಕಳಿಸಿದೆ ಎಂದು ಹೆಮ್ಮೆಯಿಂದ ಹೇಳಿದ. "ನೋ ನೋ, ದಟ್ ಈಸ್ ನಾಟ್ ಬೆಡ್‌ಶೀಟ್. ದಟ್ ಈಸ್ ಮೈ ಪ್ಯಾಂಟ್" ಅಂದೆ. ಅವನು ನನ್ನ ಸೊಂಟ ನೋಡಿದ. ಮನಸ್ಸಿನಲ್ಲೇ 8 ಮೊಳ ಅಳೆದ. ಪಾಪ, ನಗಲಿಲ್ಲ. ಸಾವಿರಕ್ಕೂ ಜಾಸ್ತಿ ರೂಮುಗಳ ಶೀಟುಗಳ ರಾಶಿಯಲ್ಲಿ ಹುಡುಕಿಸುತ್ತೇನೆ, ಆದರೆ ಇವತ್ತೇ ಸಿಗುವುದು ಕಷ್ಟ ಎಂದ.

ಹೀಗೆ ಫಾರ್ಮಲ್ ನೈಟಿಗೆ ನಾನು ಕಂದು ಪ್ಯಾಂಟು, ಅರ್ಧ ಒಣಗಿದ ಶರ್ಟು ಹಾಕಿಕೊಂಡು, ಸುಕ್ಕು ಕಾಣದ ಹಾಗೆ ಶಲ್ಯವನ್ನು ಎದೆ ತುಂಬ ಹರಡಿಕೊಂಡು ಹೋದೆ. ಥೇಟ್ ಸನ್ಮಾನ ಮುಗಿಸಿ ಬಂದವನ ಹಾಗಿದ್ದೆ. ಹೆಂಡತಿ ಸೂಟ್‌ಕೇಸಿನ ಮೂಲೆಯಿಂದ ಸುರುಳಿ ಸುತ್ತಿದ್ದ ಮೈಸೂರು ಸಿಲ್ಕ್ ತೆಗೆದು, ಒಂದು ಸಲ ಕೊಡವಿ, ಉಟ್ಟುಕೊಂಡಳು. ಅಷ್ಟೇ. ಒಂದು ಗೆರೆ ಇಲ್ಲ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಸೀರೆ ಅದು. ಕ್ರೇಪ್‌ನ ನೂಲಿಗೆ ಮೊದಲೇ ಚೆನ್ನಾಗಿ ಹುರಿ ಹಾಕಿರುತ್ತಾರೆ, ಆದ್ದರಿಂದ ಮಡಿಕೆ ಸುಲಭಕ್ಕೆ ಕೂರಲ್ಲ. ಪಕ್ಕದ ಟೇಬಲ್ಲಿನ ಆಸ್ಟ್ರೇಲಿಯಾದ ಅಜ್ಜಿ ಸೆರಗು ಮುಟ್ಟಿ ನೋಡಿ, "ಇಸ್ತ್ರಿ ಪೆಟ್ಟಿಗೆ ಹೇಗೆ ಒಳಗೆ ತಂದ್ರಿ?" ಎಂದು ಗುಟ್ಟಾಗಿ ಕೇಳಿದಳಂತೆ.

ಕೊನೆಯ ದಿನ ಸಂಜೆ ಪಂಚೆ ಬಂತು. ಬೆಡ್‌ಶೀಟಿನ ಹಾಗೇ ಚೌಕಾಕಾರಕ್ಕೆ ಮಡಚಿದ್ದರು. ದೊಡ್ಡ ಬಿಸಿ ರೋಲರ್‌ಗಳ ಮಧ್ಯೆ, ಕಬ್ಬಿನ ಗಾಣದಲ್ಲಿ ಜಲ್ಲೆ ಹೋದ ಹಾಗೆ ಹೋಗಿ ಬಂದಿತ್ತಂತೆ. ಒಂದು ಸುಕ್ಕಿಲ್ಲ, ಅಂಚಿನ ಹಸಿರು ಗೆರೆ ಸ್ಕೇಲಿಟ್ಟು ಎಳೆದಂತಿತ್ತು. ಬಿಲ್ ಎಷ್ಟು ಎಂದು ಆ ಹುಡುಗನನ್ನು ಹೆದರುತ್ತಲೇ ಕೇಳಿದೆ. ಬೆಡ್‌ಶೀಟಿಗೆಲ್ಲ ಬಿಲ್ ಇಲ್ಲ ಸಾರ್ ಅಂದ.

ಊರಿಗೆ ಬಂದ ಮರುದಿನ ಅದನ್ನು ಹಾಗೇ ತೆಗೆದುಕೊಂಡು ಹೋಗಿ ಗಾಡಿಯವನ ಮುಂದಿಟ್ಟೆ. ಸುಮ್ನೆ ತೋರಿಸೋಣ ಅಂತ. ಅವನು ಹೆಬ್ಬೆರಳಿನಿಂದ ಅಂಚು ಸವರಿದ. ಬೆಳಕಿಗೆ ಹಿಡಿದ. ಮೂಸಿದ.

"ಎಲ್ಲಿ ಮಾಡಿಸಿದ್ರಿ ಸಾರ್?"

"ಹಡಗಲ್ಲಿ."

"ಇದ್ದಿಲೋ, ಕರೆಂಟೋ?"

"ಗೊತ್ತಿಲ್ಲಪ್ಪ. ರೋಲರ್ ಅಂತೆ."

ಅವನು ಮತ್ತೆ ಮಾತಾಡಲಿಲ್ಲ. ಪಂಚೆಯನ್ನು ಪೂರ್ತಿ ಬಿಡಿಸಿ, ಬಾಯಲ್ಲಿ ನೀರು ತುಂಬಿಕೊಂಡು ಫುರ್ ಎಂದು ಊದಿ, ಮೊದಲಿಂದ ಕೊನೆಯವರೆಗೆ ಇಸ್ತ್ರಿ ಹೊಡೆದು ಕೊಟ್ಟ. 20 ರೂಪಾಯಿ ತಗೊಂಡ.