18/8ರ ಬಾಟಲಿ, 20 ಲೀಟರಿನ ಕ್ಯಾನು

ಬೆಂಗಳೂರಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಕಾಲ ಮುಗಿಯಿತು. ಈಗ ಯಾರಿಗೆ ಸನ್ಮಾನ ಮಾಡಿದರೂ ಕೈಗೆ ಒಂದು ಸ್ಟೀಲ್ ನೀರಿನ ಬಾಟಲಿ ಕೊಡುತ್ತಾರೆ. ಜೂನ್ 5 ಬಂದರಂತೂ ಕೇಳುವುದೇ ಬೇಡ. ಪರಿಸರ ದಿನ ಅಲ್ವಾ? ಬಾಟಲಿಯ ಮೇಲೆ ಒಂದು ಹಸಿರು ಎಲೆ, ಎಲೆಯ ಕೆಳಗೆ ಕಂಪನಿಯ ಹೆಸರು. ಬಾಟಲಿಗೆ ಪ್ಲಾಸ್ಟಿಕ್ ಕವರ್, ಅದಕ್ಕೊಂದು ರಟ್ಟಿನ ಡಬ್ಬ, ಡಬ್ಬದ ಮೇಲೆ ಮತ್ತೊಂದು ಪ್ಲಾಸ್ಟಿಕ್ ಹಾಳೆ. ಪ್ಲಾಸ್ಟಿಕ್ ಬಿಡಿ ಅಂತ ಮುಖ್ಯ ಅತಿಥಿ ಭಾಷಣ ಮಾಡುತ್ತಾರೆ. ಅವರ ಗಂಟಲು ಒಣಗಬಾರದು ಅಂತ ಮೇಜಿನ ಮೇಲೆ 200 ಎಂ.ಎಲ್. ಪ್ಲಾಸ್ಟಿಕ್ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಎರಡು ಗುಟುಕು ಕುಡಿದು, ಉಳಿದದ್ದನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ. ಸ್ಟೀಲ್ ಬಾಟಲಿಗೇ ನೀರು ತುಂಬಿ ಕೊಡೋಣ ಅಂತ ಯಾರಿಗೂ ಹೊಳೆಯುವುದಿಲ್ಲ. ಅದು ಕಾಣಿಕೆ. ಕಾಣಿಕೆಯಲ್ಲಿ ಯಾರಾದರೂ ನೀರು ಕುಡಿಯುತ್ತಾರಾ?

ಹೀಗೆ ಮನೆಗೆ ಬಂದ ಬಾಟಲಿ ಡಬ್ಬದ ಸಮೇತ ಅಟ್ಟ ಸೇರುತ್ತದೆ. ಮುಂದಿನ ಗೃಹಪ್ರವೇಶಕ್ಕೆ ಅದನ್ನೇ ಇನ್ನೊಬ್ಬರಿಗೆ ದಾಟಿಸುತ್ತಾರೆ. ಮರುಬಳಕೆ ಅಂದರೆ ಇದೇ.

ದುಡ್ಡು ಕೊಟ್ಟು ಕೊಳ್ಳುವವರು ಬೇರೆ ಥರ. ಗಂಡು ನೋಡಲು ಹೋದ ಹೆಣ್ಣಿನ ಕಡೆಯವರಷ್ಟು ವಿಚಾರಿಸುತ್ತಾರೆ. ಸ್ಟೀಲು 304 ಗ್ರೇಡಾ? ತಳದಲ್ಲಿ 18/8 ಅಂತ ಇದೆಯಾ? ಅಂದರೆ 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕ್ಕಲ್. ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕಾದರೆ, ಬಿಪಿಎ ಇಲ್ಲ ತಾನೇ? ಕೇಳಬೇಕಾದ ಪ್ರಶ್ನೆಗಳೇ, ತಪ್ಪಿಲ್ಲ. ಪಾಲಿಕಾರ್ಬೊನೇಟ್ ಅಂತ ಗಾಜಿನ ಹಾಗೆ ಕಾಣುವ ಗಟ್ಟಿ ಪ್ಲಾಸ್ಟಿಕ್ ಇದೆ. ಅದನ್ನು ಮಾಡುವುದೇ ಈ ಬಿಪಿಎ ರಾಸಾಯನಿಕದಿಂದ. ಪ್ಲಾಸ್ಟಿಕ್ ಬಿಸಿಯಾದಷ್ಟೂ ಬಿಪಿಎ ನೀರಿಗೆ ಜಾಸ್ತಿ ಇಳಿಯುತ್ತದೆ. ಯುರೋಪಿನವರು 2011ರಲ್ಲೇ ಮಕ್ಕಳ ಹಾಲಿನ ಬಾಟಲಿಯಲ್ಲಿ ಅದು ಬೇಡ ಅಂದರು.

ಇಷ್ಟೆಲ್ಲ ಓದಿ, ಸಾವಿರಾರು ರೂಪಾಯಿ ಸುರಿದು ತಂದ ಬಾಟಲಿಗೆ ನೀರು ಎಲ್ಲಿಂದ ತುಂಬುತ್ತಾರೆ? ಕ್ಯಾನಿನಿಂದ! ಅದೇ 20 ಲೀಟರಿನ ಕ್ಯಾನು. ಮಾರ್ಚ್ ಬಿಸಿಲಿನಲ್ಲಿ ತೆರೆದ ಟೆಂಪೋ ಹತ್ತಿ ಊರೆಲ್ಲ ಸುತ್ತಿ, ಅಂಗಡಿ ಮುಂದಿನ ಫುಟ್‌ಪಾತ್‌ನಲ್ಲಿ ಸುಡುತ್ತಾ ಕೂತು, ಮೈತುಂಬ ಗೀರು ಬಿದ್ದು, ಯಾರದೋ ಹೆಗಲ ಮೇಲೆ ಮೂರನೇ ಮಹಡಿಗೆ ಬರುತ್ತದೆ. ಅವುಗಳಲ್ಲಿ ಎಷ್ಟೋ ಕ್ಯಾನುಗಳು ಅದೇ ಪಾಲಿಕಾರ್ಬೊನೇಟಿನವು. ಆದರೆ ಕ್ಯಾನಿನ ಗೋತ್ರ ಯಾರೂ ಕೇಳುವುದಿಲ್ಲ. ಕೇಳುವುದು ಇಷ್ಟೇ: "ಅಣ್ಣಾ, ಇವತ್ತಾದ್ರೂ ಬರ್ತೀರಾ?"

ಬಾಟಲಿಯ ಮುಚ್ಚಳದೊಳಗೆ ಒಂದು ರಬ್ಬರ್ ವಾಷರ್ ಇರುತ್ತದೆ. ಅದನ್ನು ಬಿಚ್ಚಿ ನೋಡಿದವರು ಎಷ್ಟು ಜನ ಇದ್ದಾರೋ. ನೋಡಬೇಡಿ, ಊಟ ಸೇರುವುದಿಲ್ಲ.

ಕ್ಯಾನು ಬೇಡ, ನಲ್ಲಿ ನೀರೇ ಸಾಕು ಅನ್ನುವವರ ಮನೆಗೂ ಹೋಗಿಬರೋಣ. ಕಾವೇರಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರುತ್ತಾಳೆ. ಅದೂ 500 ಮೀಟರಿನಷ್ಟು ಎತ್ತರ ಏರಿಕೊಂಡು. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತವೂ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ಅಷ್ಟು ಏದುಸಿರು ಬಿಟ್ಟು ಬಂದವಳನ್ನು ನಾವು ನೆಲದಡಿಯ ಸಂಪ್‌ಗೆ ಇಳಿಸಿ, ಟ್ಯಾಂಕಿಗೆ ಏರಿಸಿ, ಕೊನೆಗೆ ಆರ್‌ಒ ಮೆಷಿನ್ನಿಗೆ ನುಗ್ಗಿಸುತ್ತೇವೆ. ಆರ್‌ಒ ಬೇಕಾದದ್ದು ಉಪ್ಪುಪ್ಪಾದ ಬೋರ್‌ವೆಲ್ ನೀರಿಗೆ. ಕಾವೇರಿಗೆ ಸಾಮಾನ್ಯವಾಗಿ ಅದರ ಅಗತ್ಯವೇ ಇಲ್ಲ. ಆದರೂ ಮೆಷಿನ್ ಒಂದು ಲೀಟರ್ ನಮಗೆ ಕೊಟ್ಟು, ಎರಡು ಮೂರು ಲೀಟರ್ ಮೋರಿಗೆ ಕೊಡುತ್ತದೆ. 2024ರ ಮಾರ್ಚಿನ ಬರದಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಮೋರಿಗೆ ಬಿಟ್ಟರೆ ದಂಡ ಇಲ್ಲ. ಅದು ಆರೋಗ್ಯ.

ಇನ್ನು ತುಂಬಿದ ಬಾಟಲಿ ಹಿಡಿದು ಸಿನಿಮಾಕ್ಕೆ ಹೋಗಿ ನೋಡಿ.

"ಸಾರ್, ಬಾಟಲಿ ಇಲ್ಲೇ ಬಿಡಿ. ಒಳಗೆ ನೀರು ಸಿಗುತ್ತೆ."

"ಯಾವುದರಲ್ಲಿ ಸಿಗುತ್ತಪ್ಪಾ?"

"ಬಾಟಲಿಯಲ್ಲಿ, ಸಾರ್."

ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಚಿತ್ರಮಂದಿರಕ್ಕೆ ಇದೆ, ಆದರೆ ಶುದ್ಧ ಕುಡಿಯುವ ನೀರು ಪುಕ್ಕಟೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಕೊಟ್ಟಿರುತ್ತಾರೆ. ಟಾಯ್ಲೆಟ್ಟಿಗೆ ಹೋಗುವ ದಾರಿಯ ಮೂಲೆಯಲ್ಲಿ ಒಂದು ನಲ್ಲಿ. ಲೋಟ ಇರುವುದಿಲ್ಲ. ಬಾಟಲಿ ಇದ್ದಿದ್ದರೆ ಹಿಡಿಯಬಹುದಿತ್ತು. ಅದು ಗೇಟಿನಲ್ಲಿದೆ.

ಹಿಂದೆ ಬೇಸಿಗೆ ಬಂದರೆ ದಾರಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಈಗಲೂ ಇಡುತ್ತಾರೆ. ಮಡಕೆಗಿಂತ ಬ್ಯಾನರ್ ದೊಡ್ಡದು. ನೀರು ಫೋಟೋ ತೆಗೆಯುವವರೆಗೆ ಇರುತ್ತದೆ, ಬ್ಯಾನರ್ ಮಳೆಗಾಲದವರೆಗೆ.

ಇತ್ತೀಚೆಗೆ ಮೈಮೇಲೆ ಗಂಟೆ ಬರೆದ ಬಾಟಲಿಗಳು ಬಂದಿವೆ. ಒಂಬತ್ತಕ್ಕೆ ಇಲ್ಲಿವರೆಗೆ, ಹನ್ನೊಂದಕ್ಕೆ ಅಲ್ಲಿವರೆಗೆ. ದಿನಕ್ಕೆ ಎಂಟು ಲೋಟ ಅನ್ನುವ ಲೆಕ್ಕ. 1945ರಲ್ಲಿ ಅಮೆರಿಕದ ಆಹಾರ ಮಂಡಳಿ ಎರಡೂವರೆ ಲೀಟರ್ ಅಂದಿದ್ದು ನಿಜ. ಅದರಲ್ಲಿ ಬಹುಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಜೊತೆಗೇ ಹೇಳಿತ್ತು. ಆ ಮಾತು ಬೆಂಗಳೂರಿಗೆ ಬರಲೇ ಇಲ್ಲ, ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬೇಕು. ಹಾಗಾಗಿ ತಿಳಿಸಾರು, ಮಜ್ಜಿಗೆ, ಸೌತೆಕಾಯಿ ಕೋಸಂಬರಿ ಯಾವುದೂ ಲೆಕ್ಕಕ್ಕಿಲ್ಲ.

ಸರಿ, ಗಂಟೆ ಪ್ರಕಾರ ಕುಡಿದಿರಿ ಅಂತಿಟ್ಟುಕೊಳ್ಳಿ. ಸಂಜೆ ಆರಕ್ಕೆ ಬಸ್ಸು ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿದೆ. ಕುಡಿದ ನೀರು ನಿಲ್ಲುವ ಹಾಗೆ ಕಾಣುವುದಿಲ್ಲ. ಗಂಡಸರು ಗೋಡೆ ಹುಡುಕುತ್ತಾರೆ, 'ಇಲ್ಲಿ ಮೂತ್ರ ಮಾಡಬಾರದು' ಅಂತ ಬರೆದ ಗೋಡೆಯೇ ಆದರೆ ಗುರುತು ಹಿಡಿಯಲು ಸುಲಭ. ಹೆಂಗಸರು ಈ ಊರನ್ನು ನಂಬಿ ನೀರು ಕುಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅವರ ಬಾಟಲಿ ಬೆಳಿಗ್ಗೆ ತುಂಬಿ ಹೋಗುತ್ತದೆ, ಸಂಜೆ ತುಂಬಿಯೇ ವಾಪಸ್ ಬರುತ್ತದೆ. ಆಮೇಲೆ ಡಾಕ್ಟರು ಬೈಯುತ್ತಾರೆ: "ನೀರು ಜಾಸ್ತಿ ಕುಡೀರಮ್ಮಾ."

ಬಾಟಲಿಯ ಒಂದು ಬದಿಗೆ ಗಂಟೆ ಬರೆದಾಗಿದೆ, ಇನ್ನೊಂದು ಬದಿ ಖಾಲಿ ಇದೆ. ಅಲ್ಲಿ ನಗರದ ಸುಸ್ಥಿತಿಯಲ್ಲಿರುವ ಸಾರ್ವಜನಿಕ ಶೌಚಾಲಯಗಳ ಪಟ್ಟಿ ಹಾಕಬಹುದು. ಕಂಪನಿಯವರು ಹೆದರಬೇಕಾಗಿಲ್ಲ, 200 ಎಂ.ಎಲ್. ಬಾಟಲಿಯಲ್ಲೂ ಹಿಡಿಸುತ್ತದೆ.