ಎತ್ತುವುದು ಬೇಡ ಮಾರಾಯ್ರೆ, ಒಂದು ರ‍್ಯಾಂಪ್ ಹಾಕಿ

ನಿನ್ನೆ ಸನ್ಮಾನ ಮಾಡಿಸಿಕೊಂಡು ಬಂದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗಾಜಿನ ಫಲಕ. ಫೋಟೋ ನೋಡಿ ತುಂಬಾ ಜನ ಅಭಿನಂದನೆ ಹೇಳಿದ್ದೀರಿ, ಸಂತೋಷ. ಆದರೆ ಫೋಟೋಗ್ರಾಫರ್ ತೆಗೆಯದೆ ಬಿಟ್ಟದ್ದು ಒಂದಿದೆ. ಅದನ್ನು ಬರೆಯದೆ ನನಗೆ ಇವತ್ತು ನಿದ್ದೆ ಬರುವ ಹಾಗಿಲ್ಲ.

ಸ್ಟೇಜಿಗೆ ಐದು ಮೆಟ್ಟಿಲು. ಅಂಗವಿಕಲರ ದಿನ ಅಂತ ಬ್ಯಾನರ್, ಬ್ಯಾನರಿನಲ್ಲಿ ವೀಲ್‌ಚೇರಿನ ಚಿತ್ರ, ಅದರ ಕೆಳಗೆ ಐದು ಮೆಟ್ಟಿಲು! ಕರೆಯಲು ಬಂದಾಗಲೇ ಕೇಳಿದ್ದೆ, ಸ್ಟೇಜಿಗೆ ರ‍್ಯಾಂಪ್ ಉಂಟಾ ಅಂತ. "ಅದೆಲ್ಲ ನೀವು ತಲೆಬಿಸಿ ಮಾಡ್ಬೇಡಿ ಟೀಚರ್, ನಮ್ಮ ಹುಡುಗರಿದ್ದಾರೆ" ಅಂದಿದ್ದರು. ಹುಡುಗರು ಇದ್ದರು, ಸುಳ್ಳಲ್ಲ. ನನ್ನ ಹೆಸರು ಕರೆದ ಕೂಡಲೇ ನಾಲ್ಕು ಜನ ಓಡಿ ಬಂದರು. "ಒಂದು ನಿಮಿಷ, ಬ್ರೇಕ್ ಹಾಕ್ತೇನೆ" ಅನ್ನುವಷ್ಟರಲ್ಲಿ ಕುರ್ಚಿ ನೆಲ ಬಿಟ್ಟಿತ್ತು. ಒಬ್ಬ ಹಿಡಿದದ್ದು ಚಕ್ರವನ್ನು, ಚಕ್ರ ತಿರುಗುತ್ತದೆ ಅಂತ ಆಮೇಲೆ ಗೊತ್ತಾಯಿತು ಅವನಿಗೆ. ಇನ್ನೊಬ್ಬ ಕೈ ಇಡುವ ಹಿಡಿಯನ್ನು ಹಿಡಿದ. ನನ್ನ ಕುರ್ಚಿಯಲ್ಲಿ ಅದು ಮೇಲಕ್ಕೆ ಎಳೆದರೆ ಕಳಚಿ ಬರುತ್ತದೆ, ಮಂಚಕ್ಕೆ ಸರಿಯುವಾಗ ತೆಗೆಯಲಿಕ್ಕೆ ಅಂತಲೇ ಹಾಗೆ ಮಾಡಿದ್ದು. ಕಳಚಿ ಬಂತು. ಕುರ್ಚಿ ಹಿಂದಕ್ಕೆ ವಾಲಿತು. ನನಗೆ ಕಂಡದ್ದು ಸಭಾಭವನದ ಫ್ಯಾನು ಮಾತ್ರ. ಬೀಳದ ಹಾಗೆ ಮೂರನೆಯವನು ಹಿಡಿದದ್ದು ಕುರ್ಚಿಯನ್ನಲ್ಲ, ನನ್ನನ್ನು. ಎಲ್ಲಿ ಹಿಡಿದ ಅಂತ ಇಲ್ಲಿ ಬರೆಯುವುದಿಲ್ಲ, ಹೆಂಗಸರಿಗೆ ಅರ್ಥ ಆಗ್ತದೆ. ಅಡಿಕೆ ಗೋಣಿಯನ್ನಾದರೂ ಎತ್ತುವ ಮೊದಲು ಎಲ್ಲಿ ಹಿಡಿಯಬೇಕು ಅಂತ ನೋಡ್ತಾರೆ.

ಸಭೆ ಚಪ್ಪಾಳೆ ತಟ್ಟಿತು. ಯಾರಿಗೆ ಚಪ್ಪಾಳೆ? ನನಗೆ ಇರಲಿಕ್ಕಿಲ್ಲ, ನಾನು ಸೆರಗು ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದೆ.

ಆಮೇಲೆ ಭಾಷಣ. "ಈ ಮಕ್ಕಳು ದೇವರಿಗೆ ಸಮಾನ" ಅಂದರು ಮುಖ್ಯ ಅತಿಥಿಗಳು. ನನ್ನ ಪಕ್ಕ ಕೂತಿದ್ದ 'ಮಗು' ರಿಟೈರ್ ಆದ ಮಾಷ್ಟ್ರು, ಕಣ್ಣು ಕಾಣುವುದಿಲ್ಲ, ಮೂರು ಮೊಮ್ಮಕ್ಕಳಿದ್ದಾರೆ. ಚಾಯ ಕೊಡುವ ಹುಡುಗಿ ನನ್ನ ಜೊತೆ ಬಂದಿದ್ದ ಅಣ್ಣನ ಮಗಳ ಹತ್ತಿರ ಕೇಳಿದಳು, "ಇವರಿಗೆ ಸಕ್ಕರೆ ಹಾಕ್ಬಹುದಾ?" ನಾನು ಇಲ್ಲೇ ಇದ್ದೇನೆ ಮಗಳೇ. ಪೋಲಿಯೋ ಕಾಲಿಗೆ ಬಂದದ್ದು, ಬಾಯಿಗಲ್ಲ.

ಈಗ ನೀವು ಹೇಳುವುದು ನನಗೆ ಗೊತ್ತು. ಪಾಪ, ಒಳ್ಳೆ ಮನಸ್ಸಿನಿಂದ ಮಾಡಿದ್ದಲ್ವಾ, ಯಾಕೆ ಹೀಗೆ ಕೊಂಕು ತೆಗೀತೀರಿ ಅಂತ. ಮನಸ್ಸು ಒಳ್ಳೆಯದೇ, ಒಪ್ಪಿದೆ. ಆ ಹುಡುಗರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಆದರೆ ಆ ಒಳ್ಳೆ ಮನಸ್ಸಿಗೆ ನಾಲ್ಕು ಹಲಗೆ ಯಾಕೆ ಹೊಳೆಯಲಿಲ್ಲ? ಶಾಮಿಯಾನದವರ ಹತ್ತಿರ ಹಲಗೆಗೆ ಬರವಾ? ಇಲ್ಲ, ಸ್ಟೇಜನ್ನೇ ಬಿಟ್ಟು ಕೆಳಗೆ ಇಳಿದು ಬಂದು ಶಾಲು ಹಾಕಬಹುದಿತ್ತು. ಅದು ಆಗಲಿಕ್ಕಿಲ್ಲ ನೋಡಿ, ಫೋಟೋಕ್ಕೆ ಹಿಂದೆ ಬ್ಯಾನರ್ ಬರುವುದಿಲ್ಲ.

ಇನ್ನೊಂದು ಮಾತು ಹೋದಲ್ಲೆಲ್ಲ ಕೇಳ್ತೇನೆ. "ರ‍್ಯಾಂಪ್ ಮಾಡಬಹುದು ಟೀಚರ್, ಆದರೆ ನಿಮ್ಮಂಥವರು ಎಷ್ಟು ಜನ ಬರ್ತಾರೆ ಹೇಳಿ?" ಬರುವ ಹಾಗೆ ಇಲ್ಲದ ಕಡೆ ಯಾರು ಬರ್ತಾರೆ ಸ್ವಾಮೀ? 2011ರ ಜನಗಣತಿಯಲ್ಲೇ ದೇಶದಲ್ಲಿ 2.68 ಕೋಟಿ ಅಂಗವಿಕಲರು ಅಂತ ಲೆಕ್ಕ ಸಿಕ್ಕಿದೆ. ಆಗ ಕೇಳಿದ್ದು ಎಂಟು ಬಗೆ ಮಾತ್ರ, 2016ರ ಕಾಯ್ದೆಯಲ್ಲಿ 21 ಬಗೆ ಇವೆ. ಅಷ್ಟೂ ಜನ ಮನೆಯ ಜಗಲಿಯಲ್ಲಿ ಕೂತು ಮಳೆ ನೋಡ್ತಿದ್ದಾರೆ ಅಂತ ಇಟ್ಟುಕೊಳ್ಳಿ.

ಕಾಯ್ದೆ ಅಂದೆ ಅಲ್ವಾ, ಅದನ್ನೇ ಸ್ವಲ್ಪ ಹೇಳ್ತೇನೆ, ಬೋರ್ ಆದರೂ ಓದಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ನಿಯಮದಂತೆ ನಮಗೆ ಹೋಗಿಬರುವ ವ್ಯವಸ್ಥೆ ಇಲ್ಲದ ಕಟ್ಟಡದ ಪ್ಲಾನಿಗೆ ಪರವಾನಗಿ ಕೊಡಬಾರದು, ಕೆಲಸ ಮುಗಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟೂ ಕೊಡಬಾರದು. 45ನೇ ಸೆಕ್ಷನ್ ಹಳೇ ಕಟ್ಟಡಗಳ ಬಗ್ಗೆ. ನಿಯಮ ಬಂದ ಮೇಲೆ ಐದು ವರ್ಷದೊಳಗೆ ಸರಿಮಾಡಬೇಕು. ನಿಯಮ ಬಂದದ್ದು 2017ರ ಜೂನ್. ಲೆಕ್ಕ ನೀವೇ ಹಾಕಿ. ಸರ್ಕಾರಿ ಆಫೀಸಿಗೆ ಮಾತ್ರ ಅಂತ ತಿಳಿಯಬೇಡಿ, ಖಾಸಗಿಯವರದಾದರೂ ಜನ ಬಳಸುವ ಕಟ್ಟಡ ಆದರೆ ಸಾಕು. ಅಂದರೆ ಸಭಾಭವನವೂ ಸೇರಿತು. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ. ದಂಡ ಕಟ್ಟಿದ ಒಬ್ಬರನ್ನು ನಮ್ಮ ಕಡೆ ನೋಡಿದವರಿದ್ದರೆ ಹೇಳಿ, ಅವರಿಗೆ ನಾನೇ ಶಾಲು ಹಾಕ್ತೇನೆ.

ಅದೂ ಸಾಲದು ಅಂತ, ರಾಜೀವ್ ರತೂರಿ ಅನ್ನುವ ದೃಷ್ಟಿ ಇಲ್ಲದ ಒಬ್ಬರು ಇಂಥ ವ್ಯವಸ್ಥೆ ಬೇಕು ಅಂತ 2005ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2024ರ ನವೆಂಬರ್ 8ರಂದು ಅದರಲ್ಲಿ ತೀರ್ಪು ಬಂತು. ನಿಯಮ ಅಂದರೆ ಸುಮ್ನೆ ಸಲಹೆ ಕೊಟ್ಟ ಹಾಗೆ ಇದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ ಕೋರ್ಟು ಹೇಳಿತು. 2005ರಿಂದ 2024. ಆ ಅರ್ಜಿ ಹಾಕಿದ ವರ್ಷ ಹುಟ್ಟಿದ ಮಗುವಿಗೆ ಓಟಿನ ವಯಸ್ಸು ದಾಟಿತ್ತು.

ಓಟು ಅಂದಾಗ ನೆನಪಾಯಿತು. ಚುನಾವಣೆ ಬಂದರೆ ನಮ್ಮ ಕಡೆ ಶಾಲೆಗೆ ಮರದ ರ‍್ಯಾಂಪ್ ಬರುತ್ತದೆ. ಮರುದಿನ ಹೋಗುತ್ತದೆ. ಇದು ನಮ್ಮೂರ ರೋಗ ಮಾತ್ರ ಅಲ್ಲ. 2001ರಲ್ಲಿ ವೀಲ್‌ಚೇರಿನ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರಿಗೆ ಮರದ ರ‍್ಯಾಂಪ್ ಹಾಕಿದ್ದರು, ತಾತ್ಕಾಲಿಕ. ಅದನ್ನು ಹಾಕಿಸಲಿಕ್ಕೆ ಹಿಂದೆ ಬಿದ್ದದ್ದು ಅಂಗವಿಕಲರ ಹಕ್ಕಿಗೆ ಹೋರಾಡಿದ ಜಾವೇದ್ ಆಬಿದಿ. ಅವರೂ ವೀಲ್‌ಚೇರಿನಲ್ಲಿದ್ದವರು, 2018ರಲ್ಲಿ ತೀರಿಕೊಂಡರು. ನಮ್ಮ ಮೊದಲನೇ ಕಾಯ್ದೆ 1995ರಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾದದ್ದೂ ಅವರೆಲ್ಲ ಹೊರಗೆ ರಸ್ತೆಗಿಳಿದ ಮೇಲೆ. ಯಾರೂ ಅವರನ್ನು ಎತ್ತಿಕೊಂಡು ಹೋಗಿ ಕಾಯ್ದೆ ಕೈಗೆ ಕೊಟ್ಟದ್ದಲ್ಲ. ಇದನ್ನು ನಿನ್ನೆಯ ಭಾಷಣದಲ್ಲಿ ಒಬ್ಬರೂ ಹೇಳಲಿಲ್ಲ. ದೇವರ ಮಕ್ಕಳು ಧರಣಿ ಕೂರುವುದು ಚಂದ ಕಾಣುವುದಿಲ್ಲ ಅಂತ ಇರಬೇಕು.

ರ‍್ಯಾಂಪ್ ಇದ್ದ ಕಡೆ ಅದರ ಅವಸ್ಥೆ ನೋಡಿದ್ದೀರಾ? ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇಳಿಜಾರು ಬೇಕು, ಲೆಕ್ಕ ಅಷ್ಟೇ. ನಮ್ಮಲ್ಲಿ ಮೂರು ಅಡಿ ಉದ್ದದಲ್ಲಿ ಎರಡು ಅಡಿ ಹತ್ತಿಸ್ತಾರೆ. ಅದರ ಮೇಲೆ ಫಳಫಳ ಟೈಲ್ಸ್. ಮಳೆಗಾಲದಲ್ಲಿ ಅಲ್ಲಿ ನಾಯಿಯೂ ಜಾರ್ತದೆ. ಕೊನೆಗೆ ಅದರ ಬುಡದಲ್ಲಿ ಬೈಕ್ ನಿಲ್ಲಿಸ್ತಾರೆ. ಕೇಳಿದರೆ ಮತ್ತೆ ಅದೇ ಮಾತು, "ನಾವು ಎತ್ತುತ್ತೇವಲ್ಲ ಟೀಚರ್."

ಕಾಸರಗೋಡಿನವಳು ಅಂತ ಹೇಳಿದರೆ ಸಾಕು, ಬೆಂಗಳೂರಿನವರು ಕೇಳುವುದು, "ಓ, ಎಂಡೋಸಲ್ಫಾನಾ?" ಅಲ್ಲಪ್ಪ, ನನ್ನದು ಪೋಲಿಯೋ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೋಮುಕ್ತ ಅಂತ ಸರ್ಟಿಫಿಕೇಟು ಬಂತು, ನಾವು ಮಾತ್ರ ಇನ್ನೂ ಇದ್ದೇವೆ. ಆದರೆ ಎಂಡೋಸಲ್ಫಾನ್ ನಮ್ಮ ಮನೆಯ ಮಾತೇ ಅನ್ನಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುಮಾರು ಎರಡು ದಶಕ ಈ ಕೀಟನಾಶಕ ವಿಷ ಹೊಯ್ದರು. ಊರಿನವರು ರೋಗಕ್ಕೆ ಬಿದ್ದದ್ದನ್ನು ವಾಣೀನಗರದ ಡಾ. ಮೋಹನ ಕುಮಾರ್ ಗಮನಿಸಿದರು, ಪತ್ರಕರ್ತ ಶ್ರೀ ಪಡ್ರೆಯವರು ಬರೆದರು, ಪೆರಿಯದ ಲೀಲಾಕುಮಾರಿ ಅಮ್ಮ ಹೊಯ್ಯುವುದು ನಿಲ್ಲಿಸಿ ಅಂತ ಕೋರ್ಟಿಗೆ ಹೋದರು. 2010ರ ಕೊನೆಗೆ ಮಾನವ ಹಕ್ಕು ಆಯೋಗ ಪರಿಹಾರ ಕೊಡಿ ಅಂತ ಹೇಳಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಆದೇಶ ಮಾಡಿತು. 2022ರಲ್ಲಿ ಅದೇ ಕೋರ್ಟು ಮತ್ತೆ ಗದರಬೇಕಾಯಿತು. ಈ ನಡುವೆ ಅಮ್ಮಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ರಾತ್ರಿಯಿಡೀ ರೈಲಿನಲ್ಲಿ ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ ಮುಂದೆ ಕೂತರು. ನಾವು ರಾಜ್ಯದ ಈ ತುದಿ, ಅದು ಆ ತುದಿ.

ನನ್ನ ಪರಿಚಯದ ಒಬ್ಬ ಅಕ್ಕ ಇದ್ದಾರೆ, ಎಣ್ಮಕಜೆ ಕಡೆಯವರು. ಮಗನಿಗೆ ಇಪ್ಪತ್ತು ದಾಟಿದೆ, ಈಗಲೂ ಅವರೇ ಎತ್ತುವುದು. ಸ್ನಾನಕ್ಕೆ, ಜೀಪಿಗೆ, ಮೆಡಿಕಲ್ ಕ್ಯಾಂಪಿಗೆ. ಬಲಗೈ ಅವನ ತೋಳಿನಡಿಗೆ, ಎಡಗೈ ಮೊಣಕಾಲಿನಡಿಗೆ, ಎತ್ತುವ ಮೊದಲು ಅವನ ಹತ್ತಿರ "ಹೋಗುವಾ?" ಅಂತ ಕೇಳ್ತಾರೆ. ಅವನಿಗೆ ಮಾತು ಬರುವುದಿಲ್ಲ. ಆದರೂ ಕೇಳ್ತಾರೆ. ಅವರ ಸೊಂಟ ಹೋಗಿದೆ. ಅವರಿಗೆ ಯಾರೂ ಚಪ್ಪಾಳೆ ತಟ್ಟಿದ್ದು ನಾನು ನೋಡಿಲ್ಲ. ಕ್ಯಾಂಪು ನಡೆಯುವ ಕಟ್ಟಡಕ್ಕೂ ಮೆಟ್ಟಿಲು.

ಈ ಅಕ್ಕನ ಪರಿಚಯ ಆದದ್ದು ನಮ್ಮ ಭಾನುವಾರದ ಕೂಟದಲ್ಲಿ. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಬ್ಯಾನರಂತೂ ಇಲ್ಲವೇ ಇಲ್ಲ. ತಿಂಗಳಿಗೊಮ್ಮೆ ಒಂದು ಶಾಲೆಯ ಜಗಲಿ, ನೆಲಕ್ಕೆ ಸಮ ಇದೆ ಅನ್ನುವ ಒಂದೇ ಕಾರಣಕ್ಕೆ. ಮೂರು ಚಕ್ರದ ಸ್ಕೂಟರುಗಳು ಅಂಗಳದಲ್ಲಿ ಸಾಲಾಗಿ ನಿಲ್ತವೆ. ಮೇಲೆ ಹೇಳಿದ ಮಾಷ್ಟ್ರು ಹಿಂದಿನ ವಾರ ಕೇಳಿದ ತಾಳಮದ್ದಳೆಯ ಅರ್ಥಗಾರಿಕೆಯನ್ನು ಹಿಡಿದು ಜಗ್ಗಾಡ್ತಾರೆ, ಭೀಷ್ಮ ಹಾಗೆ ಮಾತಾಡಲಿಕ್ಕೆ ಸಾಧ್ಯವೇ ಇಲ್ಲ ಅಂತ. ಊರುಗೋಲಿನ ಅಡಿಯ ರಬ್ಬರ್ ಬುಶ್ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಜಾರದ ಹಾಗೆ ಇರುವುದು ಮಂಗಳೂರಿನಲ್ಲಿ ಎಲ್ಲಿ ಸಿಗ್ತದೆ ಅನ್ನುವುದು ಅರ್ಧ ಗಂಟೆಯ ಚರ್ಚೆ. ಕಿವಿ ಕೇಳದ ಗಂಡ ಹೆಂಡತಿ ಇದ್ದಾರೆ, ಅವರಿಂದ ನಾವೆಲ್ಲ ಸ್ವಲ್ಪ ಸ್ವಲ್ಪ ಕೈಭಾಷೆ ಕಲಿತಿದ್ದೇವೆ. ನಮ್ಮ ಕೂಟದಲ್ಲಿ ಸರ್ಕಾರಿ ಆಫೀಸಿಗೆ ಒಂದು ಸನ್ನೆ ಇದೆ. ಮುಷ್ಟಿಯಿಂದ ಅಂಗೈಗೆ ಠಸ್ಸೆ ಒತ್ತಿ, ಆಮೇಲೆ ಆ ಕೈಯನ್ನೇ "ನಾಳೆ ಬನ್ನಿ" ಅಂತ ಬೀಸುವುದು. ಡಿಕ್ಷನರಿಯಲ್ಲಿ ಹುಡುಕಬೇಡಿ, ಸಿಗಲಿಕ್ಕಿಲ್ಲ.

ಅರ್ಜಿ ಬರೆಯುವುದೂ ಅಲ್ಲೇ. ಫಾರ್ಮು ಮಲಯಾಳದಲ್ಲಿ ಬರ್ತದೆ, ಓದಲಿಕ್ಕೆ ಬರುವವರು ಕನ್ನಡದಲ್ಲಿ ಹೇಳ್ತಾರೆ, ಬರೆಯಲಿಕ್ಕೆ ಬರುವವರು ತುಂಬಿಸ್ತಾರೆ. ಅಲ್ಲಿಯೂ ಒಬ್ಬರನ್ನೊಬ್ಬರು ಎತ್ತಬೇಕಾಗ್ತದೆ, ಬಿಡಿ. ಆದರೆ ಹೇಗೆ ಹಿಡಿಯಬೇಕು ಅಂತ ಕೇಳಿಯೇ ಹಿಡಿಯುವುದು. ಜಗಳ ಇಲ್ಲದ ದಿನ ಇಲ್ಲ. ದೂರು ಕೊಡುವುದಾ, ಬೇಡ, ಪಂಚಾಯತಿನವರು ಬೇಜಾರ್ ಮಾಡಿಕೊಂಡಾರು ಅಂತ ಒಂದು ಗುಂಪು. ಮಾಡಿಕೊಳ್ಳಲಿ ಅಂತ ನನ್ನ ಗುಂಪು. ನನ್ನ ಗುಂಪು ಸಣ್ಣದು.

ಒಂದು ವಿಷಯ ಹೇಳಿಬಿಡ್ತೇನೆ, ಇಲ್ಲಿ ಅಣ್ಣನೂ ಇದ್ದಾನೆ, ಓದಲಿ. ಹೊರಗೆ ಹೋಗುವ ದಿನ ನಾನು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ನಿನ್ನೆಯೂ ಕುಡಿದಿರಲಿಲ್ಲ, ಆ ಚಾಯವನ್ನೂ ಕುಡಿಯಲಿಲ್ಲ. ಯಾಕೆ ಅಂದರೆ ಎಲ್ಲಿಯೂ ನನ್ನ ಕುರ್ಚಿ ಒಳಗೆ ಹೋಗುವ ಟಾಯ್ಲೆಟ್ ಇಲ್ಲ. ಸ್ಟೇಜಿಗೆ ಎತ್ತುವ ಹುಡುಗರನ್ನು ಅಲ್ಲಿಗೂ ಕರೆಯಲಾ? ನಮ್ಮ ಕೂಟದ ಹೆಂಗಸರೆಲ್ಲ ಹೀಗೆಯೇ. ಬಾಯಿ ಒಣಗಿಸಿಕೊಂಡು ಬರ್ತಾರೆ, ಉರಿಮೂತ್ರ ಬರಿಸಿಕೊಂಡು ಡಾಕ್ಟರ ಹತ್ತಿರ ಹೋಗ್ತಾರೆ, ಡಾಕ್ಟರು ನೀರು ಜಾಸ್ತಿ ಕುಡೀರಿ ಅಂತಾರೆ. ಮತ್ತೆ ಅಣ್ಣಾ, ನಿನ್ನ ಹೊಸ ಮನೆಯ ಮಾಳಿಗೆ ತುಂಬಾ ಚಂದ ಉಂಟಂತೆ. ಎಲ್ಲರೂ ಹೇಳ್ತಾರೆ. ನಾನು ನೋಡಿಲ್ಲ. "ಯಾವಾಗ ಬೇಕಾದರೂ ಎತ್ತಿಕೊಂಡು ಹೋಗ್ತೇನೆ" ಅಂದಿದ್ದಿ, ನೆನಪುಂಟು. ನೀನು ಕೇಳಿಯೇ ಎತ್ತುತ್ತಿ, ಅದೂ ಗೊತ್ತು. ನನಗೆ ಬೇಡ. ಪ್ಲಾನ್ ಹಾಕುವಾಗ ಕೆಳಗೆ ಒಂದು ಅಗಲದ ಬಾಗಿಲಿನ ಬಚ್ಚಲು ಹಾಕು ಅಂತ ಹೇಳಿದ್ದೆ, ಇಂಜಿನಿಯರ್ ಜಾಗ ಇಲ್ಲ ಅಂದರು ಅಂದಿ. ಕಾರಿಗೆ ಜಾಗ ಸಿಕ್ಕಿತು.

ಇರಲಿ. ಮನೆ ಜಗಳ ಫೋನಿನಲ್ಲಿ ಮುಗಿಸ್ತೇನೆ.

ನಿನ್ನೆಯ ಸಭಾಭವನದ ಪ್ಲಾನ್ ಮತ್ತು ಕಂಪ್ಲೀಷನ್ ಸರ್ಟಿಫಿಕೇಟಿನ ನಕಲು ಬೇಕು ಅಂತ ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟಿದ್ದೇನೆ, 10 ರೂಪಾಯಿಯ ಸ್ಟಾಂಪ್ ಅಂಟಿಸಿ ಆಗಿದೆ, ಸೋಮವಾರ ಕೊಡ್ತೇನೆ. 30 ದಿನದೊಳಗೆ ಉತ್ತರ ಕೊಡಲೇಬೇಕು. ಬಂದ ಮೇಲೆ ಅಂಗವಿಕಲರ ಕಮಿಷನರಿಗೆ ದೂರು. ಸನ್ಮಾನ ಮಾಡಿದವರಿಗೆ ಬೇಜಾರಾಗಬಹುದು, ಫಲಕ ವಾಪಸ್ ಬೇಕಾದರೆ ಮನೆಗೆ ಬಂದು ತೆಗೆದುಕೊಂಡು ಹೋಗಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ, ಉಪ್ಪಳ ಕಡೆಯವರು ಒಂದು ಉಪಕಾರ ಮಾಡಿ. ನಿಮ್ಮೂರಿನ ಸಭಾಭವನ, ಬ್ಯಾಂಕು, ಪಂಚಾಯತು ಯಾವುದಾದರೂ ಸರಿ, ಮೆಟ್ಟಿಲಿನ ಫೋಟೋ ತೆಗೆದು ಕಮೆಂಟಿಗೆ ಹಾಕಿ. ಮೆಟ್ಟಿಲು ಎಷ್ಟು, ಟಾಯ್ಲೆಟ್ ಬಾಗಿಲು ಎಷ್ಟು ಅಗಲ ಅಂತ ಟೇಪ್ ಹಿಡಿದು ಅಳೆದು ಬರೆಯಿರಿ. ಅರ್ಜಿಯ ಕನ್ನಡ ಮಾದರಿ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಮಾಷ್ಟ್ರು ಹೇಳಿ ಬರೆಸಿದ್ದು, ತಪ್ಪಿರಲಿಕ್ಕಿಲ್ಲ. "ಅಯ್ಯೋ ಪಾಪ" ಅಂತ ಬರೆಯುವವರ ಕಮೆಂಟು ಡಿಲೀಟ್ ಮಾಡ್ತೇನೆ, ಮೊದಲೇ ಹೇಳಿದ್ದೇನೆ.